ಹಳೆಯ ಖಡ್ಗದ ಸಾಕ್ಷ್ಯ

ಆಯುಧಪೂಜೆಯ ದಿನ ಮಧುಗಿರಿಯ ಮಿತ್ರರೊಬ್ಬರು ಪಿತ್ರಾರ್ಜಿತವಾದ ಖಡ್ಗವನ್ನು ಇಟ್ಟಿಗೆಪುಡಿಯಿಂದ ಉಜ್ಜಿ, ಕನ್ನಡಿಯಂತೆ ಹೊಳೆಯಿಸಿ ತಂದು, “ಮೇಷ್ಟ್ರೇ, ಇದು ನಿಜವಾಗಿ ಪ್ರಾಚೀನವೇ?” ಎಂದು ಕೇಳಿದರು. ಸಾಕ್ಷಿಯ ಬಾಯಿ ಮುಚ್ಚಿಸಿ ತೀರ್ಪನ್ನು ಬೇಡಿದಂತಾಯಿತು!

1800ರಲ್ಲಿ ಇತ್ತ ಸಂಚರಿಸಿದ ಬುಕಾನನ್ ಸಾಹೇಬನು ಮಧುಗಿರಿ, ಚನ್ನರಾಯನದುರ್ಗಗಳ ಸೀಮೆಯಲ್ಲಿ ಉಕ್ಕು ತಯಾರಾಗುತ್ತಿದ್ದುದನ್ನು ಬರೆದಿರುವನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ಗಿಡದ ಕಡ್ಡಿಗಳನ್ನಿಟ್ಟು ಕಾಸಿದ ಇಂತಹ ಉಕ್ಕನ್ನು ಹದವರಿತು ಬಡಿದರೆ ಅಲಗಿನಲ್ಲಿ ನೀರಲೆಯಂತಹ ರೇಖೆಗಳು ಮೂಡುವುವು. ಅವು ಉಕ್ಕಿನ ಒಡಲಿನಲ್ಲಿಯೇ ಇರತಕ್ಕವು. ಮಾಸಿದರೂ ಬಲ್ಲವರು ಮರಳಿ ಕಾಣಿಸಬಲ್ಲರು. ಆಮ್ಲದಿಂದ ಮೇಲೆ ಕೊರೆದ ಕೃತಕ ರೇಖೆಗಳಾದರೋ ಸವೆದರೆ ಇಲ್ಲವಾಗುವುವು. ಅರಸರ ಹೆಸರನ್ನು ಇಂದೂ ಕೆತ್ತಬಹುದು. ಹಳೆಯ ಅಲಗಿಗೆ ಹೊಸ ಹಿಡಿಯನ್ನೂ ತೊಡಿಸಬಹುದು. ಆದುದರಿಂದ ಅಲಗು, ಹಿಡಿ, ಅಕ್ಷರಗಳನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ಮಿತ್ರರ ಖಡ್ಗದಲ್ಲಿ ಹಿಡಿಯ ಬುಡಕ್ಕೆ ಇಟ್ಟಿಗೆಪುಡಿ ತಾಗಿರಲಿಲ್ಲ. ಭೂತಗನ್ನಡಿಯಿಂದ ನೋಡಲು, ಆ ಅರೆ ಅಂಗುಲದಲ್ಲಿ ಅಲೆಗಳು ಉಳಿದಿದ್ದುವು. ಆದರೆ ಅವರ ಅಜ್ಜಂದಿರು ಕಂಡಿದ್ದ ಹೊನ್ನಿನ ಅಕ್ಷರಗಳು ಅಳಿದುಹೋಗಿದ್ದುವು. ಅವು ಇನ್ನು ಮರಳವು.

ಗೃಹಸ್ಥರು ಇಂತಹ ಖಡ್ಗವನ್ನು ಒಣಬಟ್ಟೆಯಿಂದ ಒರಸಿ, ತೆಳುವಾಗಿ ಎಣ್ಣೆ ಸವರಿ ಪೂಜಿಸಲಿ. ಹೊಳಪಿಲ್ಲದಿದ್ದರೆ ದೇವಿಯು ಮುನಿಯಳು.