ಮತ್ತೆ ಮತ್ತೆ ತುರಿಕೆನಾ? ಒಮ್ಮೆ ಶುಗರ್ ನೋಡಿಸಿ

ಈ ವಾರದ ವಿಷಯ ಸ್ವಲ್ಪ ಸಂಕೋಚದ್ದು. ಆದ್ರೂ ಪೂರ್ತಿ ಓದಿ, ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ.

ಬಿಳಿ ಸೆರಗು, ತಡೆಯೋಕಾಗದ ತುರಿಕೆ, ಮೂತ್ರ ಮಾಡುವಾಗ ಉರಿ. ನಾಲ್ವರು ಹೆಂಗಸರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಮ್ಮೆಯಾದ್ರೂ ಯೀಸ್ಟ್ ಸೋಂಕು ಬರುತ್ತೆ. ಹೆಚ್ಚಿನವರಿಗೆ ಒಂದು ಕೋರ್ಸ್ ಔಷಧಿಗೆ ವಾಸಿಯಾಗುತ್ತೆ. ಕೆಲವರಿಗೆ ಮಾತ್ರ ಬಿಟ್ಟೂಬಿಡದೆ ಕಾಡುತ್ತೆ.

ನಮ್ಮ ಅತ್ತಿಗೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂದೇ ವರ್ಷದಲ್ಲಿ ನಾಲ್ಕು ಸಲ ಬಂತು. ರಜೆ ಹಾಕಿದ್ರೆ ಸಂಬಳ ಕಟ್, ಹಾಗಾಗಿ ಪ್ರತಿ ಸಲವೂ ಮೆಡಿಕಲ್ ಶಾಪ್ ಮಾತ್ರೆನೇ. "ಉಷ್ಣ ಜಾಸ್ತಿ" ಅಂತ ಪಕ್ಕದ ಮನೆಯವರು ಎಳನೀರು ಕುಡಿಸಿದ್ರು. "ಕ್ಲೀನಾಗಿ ಇಟ್ಕೋಬೇಕು" ಅಂತ ಇನ್ಯಾರೋ ಅಂದಿದ್ದಕ್ಕೆ ಆ್ಯಂಟಿಸೆಪ್ಟಿಕ್ ಹಾಕಿ ತೊಳೆದು ಉರಿ ಇನ್ನೂ ಹೆಚ್ಚಾಯ್ತು. ಅಣ್ಣನಿಗೆ ಹೇಳೋಕೂ ಭಯ, ಏನಂದ್ಕೋತಾನೋ ಅಂತ.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದು, "ಶುಗರ್ ಯಾವಾಗ ನೋಡಿಸಿದ್ರಿ ಅಮ್ಮಾ?" ಯಾವತ್ತೂ ಇಲ್ಲ. ಖಾಲಿ ಹೊಟ್ಟೆಯಲ್ಲೇ 210 ಇತ್ತು.

ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಎಷ್ಟೋ ಜನರ ಮೈಯಲ್ಲಿ ತೊಂದರೆ ಕೊಡದೆ ಇರುತ್ತೆ. ಯೋನಿಯಲ್ಲಿರೋ ಒಳ್ಳೆಯ ಬ್ಯಾಕ್ಟೀರಿಯಾ, ನಮ್ಮ ರೋಗನಿರೋಧಕ ಶಕ್ತಿ ಎರಡೂ ಸೇರಿ ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಈ ಕಾವಲು ಸಡಿಲವಾದಾಗ ಅದು ಬೆಳೆಯುತ್ತೆ. ಹತೋಟಿ ತಪ್ಪಿದ ಶುಗರ್ ಒಂದು ಕಾರಣ. ಆ್ಯಂಟಿಬಯೋಟಿಕ್, ಗರ್ಭಾವಸ್ಥೆ, ಸ್ಟೆರಾಯ್ಡ್, ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ ಕೂಡ ಕಾರಣ ಆಗಬಹುದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳಿಂದಲೂ ಬರುತ್ತೆ. ಅಂಥ ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ. ಇದನ್ನು ಲೈಂಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಲ್ಲ. ಹಾಗಾಗಿ ಯಾರ ನಡತೆಯನ್ನೂ ಅನುಮಾನಿಸಬೇಕಿಲ್ಲ.

ಬಿಳಿ ಹೋದದ್ದೆಲ್ಲ ಯೀಸ್ಟ್ ಅಲ್ಲ ಅನ್ನೋದೂ ನೆನಪಿರಲಿ. ಒಡೆದ ಮೊಸರಿನಂತೆ ಗಟ್ಟಿ ಸ್ರಾವ, ಜೊತೆಗೆ ತುರಿಕೆ ಇದ್ದು ಕೆಟ್ಟ ವಾಸನೆ ಇಲ್ಲದಿದ್ದರೆ ಸಾಮಾನ್ಯವಾಗಿ ಯೀಸ್ಟ್. ಮೀನಿನ ವಾಸನೆ ಅಥವಾ ಹಳದಿ-ಹಸಿರು ನೊರೆ ಇದ್ದರೆ ಬೇರೆ ಸೋಂಕಿರಬಹುದು, ಅದಕ್ಕೆ ಯೀಸ್ಟ್ ಮಾತ್ರೆ ಕೆಲಸ ಮಾಡಲ್ಲ. ಗರ್ಭಿಣಿಯರಂತೂ ಕೇಳದೆ ಮಾತ್ರೆ ನುಂಗಲೇಬಾರದು.

ವರ್ಷಕ್ಕೆ ಮೂರು ಸಲ ಬಂದರೆ ಪರೀಕ್ಷೆ ಮಾಡಿಸಲೇಬೇಕು. ಶುಗರ್ ನೋಡಿಸೋಕೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ, ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಇಎಸ್‌ಐ ಕಾರ್ಡ್ ಇದ್ದವರಿಗೆ ಆ ಡಿಸ್ಪೆನ್ಸರಿಯೂ ಇದೆ.

ಅತ್ತಿಗೆಯ ಶುಗರ್ ಈಗ ಹತೋಟಿಗೆ ಬಂದಿದೆ, ಆರು ತಿಂಗಳಿಂದ ತುರಿಕೆ ಇಲ್ಲ. ಆದ್ರೆ ಡಾಕ್ಟರ್ ಹತ್ರ ಹೋಗೋಕೆ ಅವರಿಗೆ ಒಂದು ವರ್ಷ ಹಿಡಿಯಿತು. ಔಷಧಿ ದುಬಾರಿ ಅಂತಲ್ಲ, ಅರ್ಧ ದಿನದ ಕೂಲಿ ಮತ್ತು ನಾಚಿಕೆ ಅಡ್ಡ ಬಂದಿದ್ದು. ನಿಮ್ಮ ಮನೆಗೆ ಅಡುಗೆಗೆ ಬರೋ ಅಕ್ಕ, ಆಫೀಸಿನ ಹೌಸ್‌ಕೀಪಿಂಗ್ ಆಂಟಿ ಆಸ್ಪತ್ರೆಗೆ ಅಂತ ಅರ್ಧ ದಿನ ಕೇಳಿದ್ರೆ ಕಾರಣ ಕೆದಕಬೇಡಿ, ಸಂಬಳನೂ ಹಿಡೀಬೇಡಿ.