ಹೊರಬರುವ ವಿದ್ಯೆ

ಚಕ್ರವ್ಯೂಹವನ್ನು ಭೇದಿಸಿ ಒಳಹೊಗುವ ಬಗೆಯನ್ನು ಅಭಿಮನ್ಯು ಬಲ್ಲವನಾಗಿದ್ದನು. ಅದರಿಂದ ಹೊರಬರುವ ಬಗೆಯನ್ನು ಅರಿಯದವನಾಗಿದ್ದನು. ಆತನ ಶೌರ್ಯಕ್ಕೆ ಕೊರತೆಯಿರಲಿಲ್ಲ; ಆತನನ್ನು ಬಲಿತೆಗೆದುಕೊಂಡದ್ದು ಆ ಅರ್ಧವಿದ್ಯೆ. ಮಹಾಭಾರತದ ಈ ಪ್ರಸಂಗವು ಯುದ್ಧರಂಗಕ್ಕೆ ಮಾತ್ರ ಸಲ್ಲುವಂಥದಲ್ಲ. ಕೀರ್ತಿ, ಅಧಿಕಾರ, ಹಣ, ಜನರ ಜಯಕಾರ ಇವೆಲ್ಲವೂ ಒಂದೊಂದು ವ್ಯೂಹವೇ. ಒಳಹೋಗುವ ದಾರಿಯನ್ನು ತೋರಿಸುವವರು ನೂರು ಮಂದಿ. ಹೊರಬರುವ ದಾರಿಯನ್ನು ತೋರಿಸುವವರು ವಿರಳ. ಮುಷ್ಟಿಯುದ್ಧದ ಕಣದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಥಾಯ್ಲೆಂಡಿನ ಇಬ್ಬರು ಅವಳಿ ಸಹೋದರರ ಜೀವನದಿಂದ ತಿಳಿಯಬಹುದು.

ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕ್ ನಗರದಿಂದ ಉತ್ತರಕ್ಕೆ ಸಾಗಿದರೆ ಬೆಟ್ಟಗಳ ನಡುವೆ ಫೆಟ್ಚಬೂನ್ ಎಂಬ ಪ್ರಾಂತವಿದೆ. 1959ನೆಯ ಇಸವಿ ಮೇ ತಿಂಗಳ 15ರಂದು ಅಲ್ಲಿನ ಒಂದು ಹಳ್ಳಿಗಾಡಿನ ಕುಟುಂಬದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಅವರಲ್ಲಿ ಒಬ್ಬನ ಹೆಸರು ಸುರಾ ಸೇನ್‌ಖಾಮ್. ಮುಂದೆ ಜಗತ್ತು ಈತನನ್ನು ಖಾವೊಸಾಯ್ ಗ್ಯಾಲಕ್ಸಿ ಎಂದೂ, ಈತನ ಸಹೋದರನನ್ನು ಖಾವೊಕೊ ಗ್ಯಾಲಕ್ಸಿ ಎಂದೂ ಗುರುತಿಸಿತು. ಥಾಯ್ ಭಾಷೆಯಲ್ಲಿ ‘ಖಾವೊ’ ಎಂದರೆ ಬೆಟ್ಟ. ಕಣಕ್ಕಿಳಿಯುವವನು ಹುಟ್ಟುಹೆಸರನ್ನು ಬದಿಗಿಟ್ಟು, ತನ್ನನ್ನು ಸಾಕಿ ಸಲಹಿದ ಗರಡಿಯ ಹೆಸರನ್ನು ಕುಲನಾಮದಂತೆ ಧರಿಸುವುದು ಆ ದೇಶದ ಸಂಪ್ರದಾಯ.

ಮುಷ್ಟಿಯುದ್ಧವು ಥಾಯ್ ಜನಜೀವನದಲ್ಲಿ ಬೇರೂರಿರುವ ಕಲೆ. ಅಲ್ಲಿನ ದೇಶೀಯ ಪದ್ಧತಿಯಾದ ಮುಯ್ ಥಾಯ್‌ನಲ್ಲಿ ಮುಷ್ಟಿಗಳಲ್ಲದೆ ಮೊಳಕೈ, ಮೊಳಕಾಲು, ಕಾಲುಗಳಿಂದಲೂ ಪ್ರಹಾರ ಮಾಡುವುದುಂಟು. ಆದುದರಿಂದ ಅದನ್ನು ಎಂಟು ಅಂಗಗಳ ಕಲೆಯೆಂದು ಕರೆಯುತ್ತಾರೆ. ಪಂದ್ಯಕ್ಕೆ ಮೊದಲು ಯೋಧನು ತಲೆಗೆ ಪವಿತ್ರವಾದ ಪಟ್ಟಿಯನ್ನು ಧರಿಸಿ, ವಾದ್ಯದ ಲಯಕ್ಕೆ ಹೆಜ್ಜೆಹಾಕುತ್ತ ಗುರುವಿಗೆ ವಂದನೆ ಸಲ್ಲಿಸುತ್ತಾನೆ. ದೇವಾಲಯಗಳ ಜಾತ್ರೆಯಲ್ಲಿ ಕಟ್ಟಿದ ಹಳ್ಳಿಯ ಕಣದಿಂದ ಹಿಡಿದು ಬ್ಯಾಂಕಾಕಿನ ರಾಜದಮ್ನೋನ್ ಮತ್ತು ಲುಂಪಿನಿ ಕ್ರೀಡಾಂಗಣಗಳವರೆಗೆ ಈ ಕಲೆಯ ಹಾದಿ ಹಬ್ಬಿದೆ. ಬಡ ರೈತರ ಮಕ್ಕಳಿಗೆ ಅದು ಆಟವೂ ಹೌದು, ಅನ್ನದ ಮಾರ್ಗವೂ ಹೌದು.

ಖಾವೊಸಾಯ್ ಕೂಡ ಮೊದಲು ಈ ದೇಶೀಯ ಪದ್ಧತಿಯಲ್ಲಿಯೇ ಪಳಗಿದವನು. ಆದರೆ ಆತನ ಬಲವಿದ್ದುದು ಕಾಲಿನಲ್ಲಿ ಅಲ್ಲ, ಕೈಯಲ್ಲಿ. ಇದನ್ನು ಅರಿತು, ಮುಷ್ಟಿಗಳನ್ನು ಮಾತ್ರ ಬಳಸುವ ಪಾಶ್ಚಾತ್ಯ ಪದ್ಧತಿಗೆ ತಿರುಗಿಕೊಂಡನು. 1980ರಲ್ಲಿ ಆತನ ವೃತ್ತಿಜೀವನ ಪ್ರಾರಂಭವಾಯಿತು. ಮರುವರ್ಷವೇ ರಾಷ್ಟ್ರೀಯ ಪಟ್ಟಕ್ಕಾಗಿ ನಡೆದ ಪಂದ್ಯದಲ್ಲಿ ಸೋಲು ಎದುರಾಯಿತು. ಎಷ್ಟೋ ಮಂದಿಗೆ ಅಂಥ ಸೋಲು ದಾರಿಯ ಕೊನೆಯಾಗುತ್ತದೆ. ಖಾವೊಸಾಯ್‌ಗೆ ಅದು ಪಾಠವಾಯಿತು. ಮುಂದಿನ ಹತ್ತು ವರ್ಷಗಳ ಕಾಲ ಆತ ಮತ್ತೊಮ್ಮೆ ಸೋಲಲಿಲ್ಲ.

ವಿಶ್ವಪಟ್ಟದ ಬಾಗಿಲು ತೆರೆದ ಬಗೆಯೂ ಕುತೂಹಲಕರವಾಗಿದೆ. ಆ ಕಾಲದಲ್ಲಿ ಪಯಾವ್ ಪೂಂಟರತ್ ಎಂಬ ಇನ್ನೊಬ್ಬ ಥಾಯ್ ವೀರನಿದ್ದನು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವನ್ನು ಗೆದ್ದು, ತನ್ನ ದೇಶಕ್ಕೆ ಮೊತ್ತಮೊದಲ ಒಲಿಂಪಿಕ್ ಪದಕವನ್ನು ತಂದುಕೊಟ್ಟವನು ಆತನೇ. 1984ರ ಜುಲೈ ತಿಂಗಳಲ್ಲಿ ಪಯಾವ್ ಜಪಾನಿನ ಜಿರೊ ವಾಟನಾಬೆಯ ಕೈಯಲ್ಲಿ ಸೋತನು. ಪ್ರತಿಸ್ಪರ್ಧಿ ಸಂಸ್ಥೆಯೊಂದರ ಪಟ್ಟಕ್ಕಾಗಿ ಸೆಣಸಿದನೆಂಬ ಕಾರಣದಿಂದ ವಿಶ್ವ ಬಾಕ್ಸಿಂಗ್ ಸಂಘವು ವಾಟನಾಬೆಗೆ ತಾನು ನೀಡಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಹೀಗೆ ತೆರವಾದ ಸೂಪರ್ ಫ್ಲೈವೇಟ್ ಪಟ್ಟಕ್ಕಾಗಿ ಅದೇ ವರ್ಷ ನವೆಂಬರ್ 21ರಂದು ಖಾವೊಸಾಯ್ ಕಣಕ್ಕಿಳಿದನು. ಡೊಮಿನಿಕನ್ ಗಣರಾಜ್ಯದ ಯೂಸೆಬಿಯೊ ಎಸ್ಪಿನಾಲ್‌ನನ್ನು ಕೆಡವಿ ವಿಶ್ವವಿಜೇತನಾದನು. ಆಗ ಆತನಿಗೆ ಇಪ್ಪತ್ತೈದು ವರ್ಷ ವಯಸ್ಸು.

ಈ ವರ್ಗದ ಯೋಧನ ತೂಕ ಸುಮಾರು 52 ಕಿಲೋಗ್ರಾಂ ಮೀರಬಾರದು. ಅಷ್ಟು ಹಗುರವಾದ ದೇಹದಲ್ಲಿ ಅಷ್ಟೊಂದು ಪ್ರಚಂಡವಾದ ಪ್ರಹಾರಶಕ್ತಿ ಅಡಗಿತ್ತೆಂಬುದೇ ಅಚ್ಚರಿ. ಖಾವೊಸಾಯ್ ಎಡಚ. ಎದುರಾಳಿಯ ಪಕ್ಕೆಗಳಿಗೆ ಬೀಳುತ್ತಿದ್ದ ಆತನ ಎಡಗೈ ಹೊಡೆತಕ್ಕೆ ಥಾಯ್ ಜನರು ಕರುಳನ್ನು ಕೊರೆಯುವ ಎಡಗೈ ಎಂಬ ಬಿರುದನ್ನೇ ಕೊಟ್ಟಿದ್ದರು. ಏಳು ವರ್ಷಗಳ ಅವಧಿಯಲ್ಲಿ ಆತ ಹತ್ತೊಂಬತ್ತು ಬಾರಿ ತನ್ನ ಪಟ್ಟವನ್ನು ಉಳಿಸಿಕೊಂಡನು. ಅವುಗಳಲ್ಲಿ ಹದಿನಾರು ಪಂದ್ಯಗಳಲ್ಲಿ ಎದುರಾಳಿಯು ಕೊನೆಯ ಗಂಟೆಯವರೆಗೆ ನಿಲ್ಲಲಾರದೆ ಹೋದನು. 1987ರಲ್ಲಿ ಇಂಡೊನೇಷ್ಯದ ಎಲ್ಯಾಸ್ ಪಿಕಾಲ್‌ನನ್ನು ಆತನ ತಾಯ್ನಾಡಿನ ಜಕಾರ್ತದಲ್ಲಿಯೇ ಎದುರಿಸಿ, ಹದಿನಾಲ್ಕನೆಯ ಸುತ್ತಿನಲ್ಲಿ ಸೋಲಿಸಿದುದು ಆ ವಿಜಯಮಾಲೆಯ ಒಂದು ಹೂವು.

ಇತ್ತ ಖಾವೊಕೊ ಸಹ ಹಿಂದೆ ಬೀಳಲಿಲ್ಲ. 1988ರ ಮೇ ತಿಂಗಳಲ್ಲಿ ಪೋರ್ಟೊ ರಿಕೊದ ವಿಲ್ಫ್ರೆಡೊ ವಾಸ್ಕೆಸ್‌ನನ್ನು ಸೋಲಿಸಿ ಬ್ಯಾಂಟಮ್‌ವೇಟ್ ವರ್ಗದಲ್ಲಿ ವಿಶ್ವವಿಜೇತನಾದನು. ಅವಳಿಗಳಿಬ್ಬರೂ ವಿಶ್ವಪಟ್ಟವನ್ನು ಗಳಿಸಿದುದು ಮುಷ್ಟಿಯುದ್ಧದ ಚರಿತ್ರೆಯಲ್ಲಿ ಅದೇ ಮೊದಲು. ಮೂರು ತಿಂಗಳಲ್ಲಿ ಆ ಪಟ್ಟ ದಕ್ಷಿಣ ಕೊರಿಯದ ಮೂನ್ ಸುಂಗ್ ಕಿಲ್‌ನ ಪಾಲಾಯಿತು. 1989ರ ಜುಲೈಯಲ್ಲಿ ಖಾವೊಕೊ ಅದನ್ನು ಮರಳಿ ಗೆದ್ದನು. ಆದರೆ ಅದೇ ವರ್ಷದ ಅಕ್ಟೋಬರ್ 18ರಂದು, ಬ್ಯಾಂಕಾಕಿನಲ್ಲಿ ತನ್ನ ಜನರ ಕಣ್ಣೆದುರಿಗೇ, ಫಿಲಿಪೈನ್ಸ್‌ನ ಲೂಯಿಸಿಟೊ ಎಸ್ಪಿನೋಸನ ಎದುರು ಮೊದಲನೆಯ ಸುತ್ತಿನಲ್ಲಿಯೇ ಕುಸಿದುಬಿದ್ದನು. ಮೂವತ್ತನೆಯ ವಯಸ್ಸಿನಲ್ಲಿ ಆತನ ಕಣಜೀವನ ಅಲ್ಲಿಗೆ ಮುಗಿಯಿತು. ಒಂದೇ ಗರ್ಭ, ಒಂದೇ ಊರು, ಒಂದೇ ಗರಡಿ. ಆದರೂ ಒಬ್ಬನು ತಾನಾಗಿ ಕಣದಿಂದ ಇಳಿದುಬಂದನು, ಇನ್ನೊಬ್ಬನನ್ನು ಕಣವೇ ಕೆಳಗೆ ಕೆಡವಿತು.

ಖಾವೊಸಾಯ್ ಇಳಿದುಬಂದ ದಿನ 1991ರ ಡಿಸೆಂಬರ್ 22. ಅಂದು ಬ್ಯಾಂಕಾಕಿನಲ್ಲಿ ಮೆಕ್ಸಿಕೊ ದೇಶದ ಅರ್ಮಾಂಡೊ ಕಾಸ್ಟ್ರೊನನ್ನು ಹನ್ನೆರಡು ಸುತ್ತುಗಳ ಕಾಲ ಎದುರಿಸಿ, ಅಂಕಗಳ ಆಧಾರದ ಮೇಲೆ ಗೆದ್ದು, ಪಟ್ಟವನ್ನು ತಲೆಯ ಮೇಲೆ ಇಟ್ಟುಕೊಂಡೇ ಆತ ನಿವೃತ್ತನಾದನು. ಒಟ್ಟು ನಲವತ್ತೆಂಟು ಪಂದ್ಯಗಳು, ನಲವತ್ತೇಳು ಜಯಗಳು, ಆ ಜಯಗಳಲ್ಲಿ ನಲವತ್ತೊಂದು ನಾಕ್‌ಔಟ್‌ಗಳು, ಸೋಲು ಒಂದೇ ಒಂದು. ಆಗ ಆತನಿಗೆ ಮೂವತ್ತೆರಡು ವರ್ಷ. ಇನ್ನೊಂದು ಪಂದ್ಯವಾಡಿದ್ದರೆ ಹಣ ಬರುತ್ತಿತ್ತು, ಜಯಕಾರವೂ ಮೊಳಗುತ್ತಿತ್ತು. ಆದರೆ ಪಟ್ಟವನ್ನು ಬೇರೊಬ್ಬನು ಕಿತ್ತುಕೊಳ್ಳುವವರೆಗೆ ಆತ ಕಾಯಲಿಲ್ಲ. 1999ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಕೀರ್ತಿಭವನವು ಆತನ ಹೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಹತ್ತೊಂಬತ್ತು ಬಾರಿ ಪಟ್ಟವನ್ನು ಕಾಪಾಡಿಕೊಂಡುದು ದೊಡ್ಡದೇ ಸರಿ. ಇಪ್ಪತ್ತನೆಯ ಬಾರಿಗೆ ಆಸೆಪಡದಿದ್ದುದು ಅದಕ್ಕಿಂತ ದೊಡ್ಡದು.

ಈ ಮಾತಿನ ತೂಕವನ್ನು ಅರಿಯಲು ಥಾಯ್ಲೆಂಡಿನ ಮೊದಲ ವಿಶ್ವವಿಜೇತನ ಕಥೆಯನ್ನು ನೆನೆಯಬೇಕು. ಆತನ ಹೆಸರು ಪೋನ್ ಕಿಂಗ್‌ಪೆಟ್. 1960ರ ಏಪ್ರಿಲ್ 16ರಂದು ಲುಂಪಿನಿ ಕ್ರೀಡಾಂಗಣದಲ್ಲಿ ಅರ್ಜೆಂಟೀನದ ಪಾಸ್ಕುವಾಲ್ ಪೆರೆಸ್‌ನನ್ನು ಸೋಲಿಸಿ ಆತ ಇಡೀ ದೇಶವನ್ನು ಸಂತೋಷದಲ್ಲಿ ಮುಳುಗಿಸಿದನು. ಮುಂದೆ ಎರಡು ಬಾರಿ ಪಟ್ಟವನ್ನು ಕಳೆದುಕೊಂಡನು, ಎರಡು ಬಾರಿಯೂ ಮರಳಿ ಪಡೆದನು. 1965ರಲ್ಲಿ ರೋಮ್ ನಗರದಲ್ಲಿ ಮೂರನೆಯ ಬಾರಿ ಕಳೆದುಕೊಂಡದ್ದು ಮತ್ತೆ ಕೈಸೇರಲಿಲ್ಲ. 1982ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಆತ ತೀರಿಕೊಂಡನು. ಕೀರ್ತಿಭವನದ ಗೌರವ ಆತನಿಗೆ ದೊರೆತದ್ದು 2023ರಲ್ಲಿ, ಮರಣಾನಂತರ ನಾಲ್ಕು ದಶಕಗಳು ಕಳೆದ ಮೇಲೆ. ಜಗತ್ತಿನ ಚಪ್ಪಾಳೆಯ ರೀತಿಯೇ ಹೀಗೆ. ಅದು ಬರುವಾಗ ಭೋರ್ಗರೆದು ಬರುತ್ತದೆ. ಹೋಗುವಾಗ ಹೇಳದೆ ಹೋಗುತ್ತದೆ.

ಮುಷ್ಟಿಯುದ್ಧದಲ್ಲಿ ಸಕಾಲಕ್ಕೆ ನಿಲ್ಲುವುದು ಕೀರ್ತಿಯ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಮನುಷ್ಯನ ಮೆದುಳು ತಲೆಬುರುಡೆಯೊಳಗೆ ದ್ರವವೊಂದರಲ್ಲಿ ತೇಲುತ್ತಿರುವ ಮೃದುವಾದ ಅಂಗ. ತಲೆಗೆ ಪೆಟ್ಟು ಬಿದ್ದಾಗ ಬುರುಡೆಯು ಥಟ್ಟನೆ ತಿರುಗುತ್ತದೆ. ಒಳಗಿನ ಮೆದುಳು ಹಿಂದುಮುಂದಾಗಿ ಅಲುಗಾಡುತ್ತದೆ. ಸೂಕ್ಷ್ಮವಾದ ನರತಂತುಗಳು ಎಳೆದಾಡಿಕೊಳ್ಳುತ್ತವೆ. ಕೆಲವೊಮ್ಮೆ ರಕ್ತನಾಳಗಳು ಹರಿಯುತ್ತವೆ. ಒಂದು ದೊಡ್ಡ ಹೊಡೆತದಿಂದ ಮಾತ್ರವೇ ಅಪಾಯವೆಂದು ತಿಳಿಯಬಾರದು. ವರ್ಷಗಟ್ಟಲೆ ಬೀಳುವ ಸಣ್ಣ ಹೊಡೆತಗಳೂ ಒಟ್ಟುಗೂಡಿ ನೆನಪು, ಮಾತು, ನಡಿಗೆಗಳನ್ನು ಕುಂದಿಸುತ್ತವೆ. ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯನು 1928ರಷ್ಟು ಹಿಂದೆಯೇ ಈ ವ್ಯಾಧಿಯನ್ನು ವಿವರಿಸಿದ್ದನು. ಕೈಗವಸು ಹೊಡೆಯುವವನ ಕೈಯನ್ನು ಕಾಪಾಡುತ್ತದೆ. ಹೊಡೆತ ತಿನ್ನುವವನ ಮೆದುಳನ್ನು ಕಾಪಾಡಲಾರದು.

ಬೆಳೆದವರ ಪಾಡು ಹೀಗಾದರೆ ಮಕ್ಕಳ ಪಾಡೇನು? ಥಾಯ್ಲೆಂಡಿನಲ್ಲಿ ಎಂಟು ಹತ್ತು ವರ್ಷದ ಹುಡುಗರು ಹಣಕ್ಕಾಗಿ ಕಣಕ್ಕಿಳಿಯುವುದುಂಟು. ಗೆದ್ದ ಹಣದಿಂದ ಮನೆಯ ಸಾಲ ತೀರುತ್ತದೆ, ಒಡಹುಟ್ಟಿದವರ ಶಾಲೆಯ ಶುಲ್ಕ ಸಲ್ಲುತ್ತದೆ. ಕಣದ ಸುತ್ತ ನೆರೆದವರು ಅದೇ ಹುಡುಗರ ಮೇಲೆ ಬಾಜಿ ಕಟ್ಟುತ್ತಾರೆ. 2018ರ ನವೆಂಬರ್ ತಿಂಗಳಲ್ಲಿ ಬ್ಯಾಂಕಾಕಿನ ಸಮೀಪದ ಸಮುತ್ ಪ್ರಕಾನ್ ಪ್ರಾಂತದಲ್ಲಿ ನಡೆದ ಪಂದ್ಯವೊಂದರಲ್ಲಿ ಹದಿಮೂರು ವರ್ಷದ ಬಾಲಕನೊಬ್ಬನು ತಲೆಗೆ ಪೆಟ್ಟು ತಿಂದು ಬಿದ್ದನು. ಆತನ ತಲೆಗೆ ರಕ್ಷಾಕವಚವಿರಲಿಲ್ಲ. ಮೆದುಳಿನ ರಕ್ತಸ್ರಾವದಿಂದ ಆತ ಮತ್ತೆ ಕಣ್ತೆರೆಯಲಿಲ್ಲ. ಎಂಟು ಅಥವಾ ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರಬೇಕಾದ ವಯಸ್ಸು ಅದು. ಆ ಬಳಿಕ ಹನ್ನೆರಡು ವರ್ಷಕ್ಕೆ ಕೆಳಗಿನವರು ಸ್ಪರ್ಧಿಸದಂತೆ ನಿರ್ಬಂಧಿಸಬೇಕೆಂಬ ಸಲಹೆ ಆ ದೇಶದಲ್ಲಿ ಚರ್ಚೆಗೆ ಬಂದಿತು. ಅದನ್ನು ಬೆಂಬಲಿಸಿದವರಲ್ಲಿ ವೈದ್ಯರಿದ್ದರು; ವಿರೋಧಿಸಿದವರಲ್ಲಿ ಗರಡಿಗಳ ಒಡೆಯರೂ ಕೆಲವು ತಂದೆತಾಯಿಗಳೂ ಇದ್ದರು.

ವಿರೋಧಿಸುವವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎಳೆಯ ವಯಸ್ಸಿನಲ್ಲಿಯೇ ಪಳಗದಿದ್ದರೆ ಕಲೆ ಕೈಗೂಡುವುದಿಲ್ಲವೆಂದು ಅವರು ಹೇಳುತ್ತಾರೆ. ಕಣವೇ ಇಲ್ಲದಿದ್ದರೆ ಬಡವನ ಮಗನು ಬಡವನಾಗಿಯೇ ಉಳಿಯುತ್ತಿದ್ದನೆಂದೂ, ಖಾವೊಸಾಯ್‌ನಂಥವರನ್ನು ಜಗತ್ತು ಕಾಣುತ್ತಲೇ ಇರಲಿಲ್ಲವೆಂದೂ ಕೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಹಸಿದವನ ಮುಂದೆ ನಿಂತು ಅಪಾಯದ ಉಪದೇಶ ಮಾಡುವುದು ಹೊಟ್ಟೆ ತುಂಬಿದವನಿಗೆ ಸುಲಭ.

ಆದರೆ ಈ ವಾದದಲ್ಲಿ ಒಂದು ದೋಷ ಅಡಗಿದೆ. ಅದು ಗೆದ್ದವನನ್ನು ಮಾತ್ರ ಎಣಿಸುತ್ತದೆ. ಸಾವಿರಾರು ಹುಡುಗರು ಹೊಗುವ ದಾರಿಯಲ್ಲಿ ಒಬ್ಬನು ಶಿಖರವನ್ನು ಮುಟ್ಟಿದರೆ, ಆ ದಾರಿ ಒಳ್ಳೆಯದೆಂದು ಹೇಳಲು ಬರುವುದಿಲ್ಲ. ಉಳಿದವರು ಎಲ್ಲಿಗೆ ಹೋದರೆಂದು ಕೇಳಬೇಕಾಗುತ್ತದೆ. ಖಾವೊಸಾಯ್ ನಿಯಮವಲ್ಲ, ಅಪವಾದ. ಅಪವಾದವನ್ನು ತೋರಿಸಿ ಮಕ್ಕಳನ್ನು ಕಣಕ್ಕೆ ಕರೆಯುವುದು ನ್ಯಾಯವಲ್ಲ. ಬಡತನವನ್ನು ದಾಟಲು ಒಂದು ಮಗುವಿಗೆ ತನ್ನ ತಲೆಯನ್ನೇ ಒಡ್ಡಬೇಕಾಗಿ ಬಂದರೆ ಆ ನಾಚಿಕೆ ಮಗುವಿನದಲ್ಲ, ಸಮಾಜದ್ದು.

ಹಾಗೆಂದು ಶತಮಾನಗಳ ಕಲೆಯನ್ನು ಅಳಿಸಿಹಾಕಬೇಕಾಗಿಲ್ಲ. ಗುರುವಂದನೆ, ಹೆಜ್ಜೆ, ಪಟ್ಟು, ಉಸಿರಿನ ಹಿಡಿತ ಇವೆಲ್ಲವನ್ನೂ ಮಗು ತಲೆಗೆ ಪೆಟ್ಟು ತಿನ್ನದೆಯೇ ಕಲಿಯಬಹುದು. ಹಣದ ಪಂದ್ಯವು ವಯಸ್ಸು ಬಂದ ಮೇಲೆ ನಡೆಯಲಿ. ಕಣದ ಬಳಿ ವೈದ್ಯನಿರಲಿ. ಆತನ ಮಾತು ಪಂದ್ಯ ನಡೆಸುವವನ ಮಾತಿಗಿಂತ ಮೇಲಾಗಿರಲಿ. ಗರಡಿಯ ಜೊತೆಗೆ ಶಾಲೆಯೂ ಇರಲಿ. ಏಕೆಂದರೆ ಬೇರೆ ವಿದ್ಯೆಯನ್ನು ಬಲ್ಲವನು ಮಾತ್ರ ಕಣವನ್ನು ಧೈರ್ಯವಾಗಿ ಬಿಟ್ಟುಬರಬಲ್ಲನು. ಬೇರೆ ದಾರಿಯಿಲ್ಲದವನಿಗೆ ನಿಲ್ಲು ಎಂದು ಹೇಳಿ ಪ್ರಯೋಜನವೇನು?

ಅಭಿಮನ್ಯುವಿನ ಮರಣಕ್ಕೆ ಅವನೊಬ್ಬನೇ ಹೊಣೆಯಲ್ಲ. ಹೊರದಾರಿ ಅರಿಯದ ಹದಿಹರೆಯದವನನ್ನು ಒಳಗೆ ಕಳುಹಿಸಿದ ಹಿರಿಯರೂ ಹೊಣೆಗಾರರೇ. ಖಾವೊಸಾಯ್ ತನ್ನ ಹೊರದಾರಿಯನ್ನು ತಾನೇ ಕಂಡುಕೊಂಡನು. ಅದು ಆತನ ಹಿರಿಮೆ. ಆದರೆ ಎಲ್ಲ ಮಕ್ಕಳೂ ಖಾವೊಸಾಯ್ ಆಗಲಾರರು. ಆದುದರಿಂದ ಮಗುವನ್ನು ಯಾವ ಕಣಕ್ಕೆ ಕಳುಹಿಸುವ ಮೊದಲಾದರೂ ಅದರ ಬಾಗಿಲು ಹೊರಮುಖವಾಗಿಯೂ ತೆರೆಯುತ್ತದೆಯೇ ಎಂದು ನೋಡುವುದು ಹಿರಿಯರ ಮೊದಲ ಕರ್ತವ್ಯ. ಒಳಹೊಗುವುದನ್ನು ಕಲಿಸುವವನು ಅರ್ಧ ಗುರು. ಹೊರಬರುವುದನ್ನೂ ಕಲಿಸುವವನೇ ಪೂರ್ಣ ಗುರು.