ಬೆನ್ನು ತೋರಿಸಿದ ವೀರ

ಬೆನ್ನು ತೋರಿಸುವುದೆಂದರೆ ನಮ್ಮ ನುಡಿಯಲ್ಲಿ ಓಡಿಹೋಗುವುದೆಂದೇ ಅರ್ಥ. ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿದ ಉತ್ತರಕುಮಾರನಿಂದ ಮೊದಲುಗೊಂಡು, ಬೆನ್ನು ತೋರಿಸಿ ನಗೆಗೀಡಾಗದವರಿಲ್ಲ. ಆದರೆ ಶತ್ರುವಿಗೆ ಎದೆಗೊಟ್ಟು, ನೋಡುವ ನಮಗೆ ಮಾತ್ರ ಬೆನ್ನು ತೋರಿಸಿ ಲೋಕದ ಮೆಚ್ಚುಗೆ ಗಳಿಸಿದ ವೀರನೊಬ್ಬನನ್ನು ಕಳೆದ ಭಾನುವಾರ ನಮ್ಮ ನಡುಮನೆಯ ಟೆಲಿವಿಷನ್ನಿನಲ್ಲಿ ಕಂಡೆ.

ಆತ ಬ್ರೂಸ್ ಲೀ. ಚಿತ್ರವು 1972ರಲ್ಲಿ ಆತನೇ ಬರೆದು ನಿರ್ದೇಶಿಸಿದ 'ದಿ ವೇ ಆಫ್ ದಿ ಡ್ರ್ಯಾಗನ್'. ಕಥೆಯಲ್ಲಿ ರೋಮ್ ನಗರದ ಪುರಾತನ ಕೊಲೋಸಿಯಂನೊಳಗೆ ಚಕ್ ನಾರಿಸ್‌ನೊಡನೆ ಕಾಳಗ. ಅದಕ್ಕೆ ಮುನ್ನ ಲೀ ಅಂಗಿ ಕಳಚುತ್ತಾನೆ. ತೋಳುಗಳನ್ನು ಚಾಚಿ, ಕೀಲುಗಳನ್ನು ಸಡಿಲಿಸಿ, ಬೆನ್ನಿನ ಸ್ನಾಯುಗಳನ್ನು ನಾಗರಹೆಡೆಯಂತೆ ಅರಳಿಸುತ್ತಾನೆ. ಕ್ಯಾಮರಾ ಅವಸರಪಡದೆ ನೋಡುತ್ತ ನಿಲ್ಲುತ್ತದೆ.

"ಹೊಡೆದಾಡುವುದಕ್ಕೆ ಅಂಗಿ ಏಕೆ ಬಿಚ್ಚಬೇಕು? ಬರಿಯ ಜಂಭ!" ಎಂದಳು ನನ್ನಾಕೆ.

"ಮಾಮ, ನನಗೂ ಇಂಥದೇ ಬೆನ್ನು ಬೇಕು" ಎಂದ, ಈ ವರ್ಷವಷ್ಟೇ ಕಾಲೇಜು ಸೇರಿರುವ ನನ್ನ ಸೋದರಳಿಯ. ಜಿಮ್ಮಿಗೆ ಹೋಗತೊಡಗಿ ಅವನಿಗೆ ಎರಡು ತಿಂಗಳು. ಒಳಹೊಕ್ಕೊಡನೆ ಭಾರವೆತ್ತುವುದೇ ಅವನ ಪದ್ಧತಿ.

ಆ ಬೆನ್ನಿನ ಕಥೆಯನ್ನು ಹೇಳಬೇಕಾಯಿತು. 1970ರಲ್ಲಿ ಲೀ ಮೈಯನ್ನು ಹದಗೊಳಿಸಿಕೊಳ್ಳದೆ ಭಾರವೆತ್ತಹೋಗಿ ಬೆನ್ನಿನ ನರಕ್ಕೆ ಪೆಟ್ಟು ಮಾಡಿಕೊಂಡ. ಇನ್ನು ಮೊದಲಿನಂತೆ ಕಾಲೆತ್ತಿ ಒದೆಯುವುದು ಸಾಧ್ಯವಿಲ್ಲವೆಂದರು ವೈದ್ಯರು. ತಿಂಗಳುಗಟ್ಟಲೆ ಮಲಗಿದಲ್ಲಿಯೇ ಓದಿದ, ಬರೆದ. ಆಮೇಲೆ ಮೆಲ್ಲಮೆಲ್ಲನೆ ಎದ್ದ. 1973ರಲ್ಲಿ, ಕೇವಲ 32ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಬೆನ್ನುನೋವು ಆತನನ್ನು ಪೂರ್ತಿಯಾಗಿ ಬಿಡಲಿಲ್ಲ. ತೆರೆಯ ಮೇಲೆ ಹೆಡೆಯಂತೆ ಅರಳುವುದು ಅದೇ ಬೆನ್ನು!

ಆ ದೃಶ್ಯದಲ್ಲಿ ಜಂಭವೇ ಇಲ್ಲವೆಂದು ನಾನು ಹೇಳಲಾರೆ. ಮೈಯನ್ನು ಅಷ್ಟು ಶ್ರಮದಿಂದ ತಿದ್ದಿಕೊಂಡವನಿಗೆ ಅದನ್ನು ನಾಲ್ವರ ಮುಂದಿಡುವ ಆಸೆ ಸಹಜ. ಅಚ್ಚಾದ ಪುಸ್ತಕವನ್ನು ಹಿಡಿದವರಿಗೆ ಅದರ ಗೀಚಿಹಾಕಿದ ಹಸ್ತಪ್ರತಿ ಕಾಣುವುದಿಲ್ಲ. ನಟನ ಮೈಕಟ್ಟೂ ಹಾಗೆಯೇ. ಆದರೆ ಇನ್ನೊಂದು ಮಾತುಂಟು. ಲೀ ಅಲ್ಲಿ ಮಾಡುತ್ತಿರುವುದು ಹೋರಾಟಕ್ಕೆ ಮೈಯನ್ನು ಅಣಿಗೊಳಿಸುವ ಕೆಲಸ. ಎರಡು ವರ್ಷಗಳ ಹಿಂದೆ ಯಾವುದನ್ನು ಬಿಟ್ಟು ಬಿದ್ದನೋ, ಅದನ್ನೇ ಲೋಕದೆದುರು ಸಾವಧಾನವಾಗಿ ಮಾಡಿ ತೋರಿಸುತ್ತಿದ್ದಾನೆ.

ಹುಡುಗ ಏನೂ ಹೇಳದೆ ಎದ್ದುಹೋದ. ಮರುದಿನ ಮುಂಜಾನೆ ಅವನ ಕೋಣೆಯ ಬಾಗಿಲು ಓರೆಯಾಗಿತ್ತು. ಅಂಗಿ ಕಳಚಿ, ಕನ್ನಡಿಗೆ ಬೆನ್ನು ಮಾಡಿ, ನಿಧಾನವಾಗಿ ಭುಜಗಳನ್ನು ತಿರುಗಿಸುತ್ತಿದ್ದ. ಡಂಬೆಲ್ಲುಗಳು ಇನ್ನೂ ಮಂಚದ ಕೆಳಗೇ ಇದ್ದುವು.